ಪುಕ್ಕಟೆ ಎಣ್ಣೆ

ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ ಕಾಗದ ಕತ್ತರಿಸಬಾರದು. ಕತ್ತರಿಸಿದರೆ ಬಾಯಿ ಮೊಂಡಾಗುತ್ತದೆ, ಆಮೇಲೆ ರೇಷ್ಮೆ ಬಟ್ಟೆಯನ್ನು ಅದು ಕತ್ತರಿಸುವುದಿಲ್ಲ, ಅಗಿಯುತ್ತದೆ. ಹೊಲಿಗೆಯವಳಾದ ನಾನು ಇದನ್ನು ನಮ್ಮ ಅತ್ತಿಗೆಗೆ ಬೇಡಿಕೊಂಡು ಹೇಳಿದ್ದೇನೆ, ಬೈದು ಹೇಳಿದ್ದೇನೆ, ಕೊನೆಗೆ ಕತ್ತರಿಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೂ ನೋಡಿದ್ದೇನೆ. ಪೇಪರಿನಲ್ಲಿ ಕೂಪನ್ ಬಂದ ಬೆಳಿಗ್ಗೆ ಅದು ಹೇಗೋ ಅವಳ ಕೈಯಲ್ಲಿರುತ್ತದೆ. ಬೀದಿಯವರು ಅವಳಿಗೆ ಕತ್ತರಿ ಎಂದೇ ಹೆಸರಿಟ್ಟಿದ್ದಾರೆ. ಅವಳಿಗೂ ಅದು ಗೊತ್ತು, ಒಳಗೊಳಗೇ ಖುಷಿ.

ನಾವಿಬ್ಬರೂ ಸ್ಕೂಲಿನಲ್ಲಿ ಒಂದೇ ಬೆಂಚಿನವರು. ಹಾಗಾಗಿ ಸಂಬಂಧದಲ್ಲಿ ಅತ್ತಿಗೆ, ಮಾತಿನಲ್ಲಿ ನೀನು. ನಮ್ಮಣ್ಣನ ಮನೆಯ ಮುಂದಿನ ಕೋಣೆಯಲ್ಲಿ ನಾನು ಮೆಷಿನ್ ಹಾಕಿಕೊಂಡಿದ್ದೇನೆ. ಒಳಗಿನ ಸಂಸಾರ ನನಗೆ ಕೇಳಿಸುತ್ತದೆ, ಕೇಳಿಸದಿದ್ದರೆ ಮೆಷಿನ್ ನಿಲ್ಲಿಸಿ ಕೇಳುತ್ತೇನೆ.

ಅಣ್ಣ ಸಿಟಿ ಬಸ್ ಡ್ರೈವರ್. ಊಟಕ್ಕೆ ಕೂತಾಗಲೂ ಅವನ ಎಡಗಾಲು ಕ್ಲಚ್ ಒತ್ತುತ್ತಿರುತ್ತದೆ. ಹಬ್ಬ ಇನ್ನೂ ದೂರವಿದ್ದಾಗಲೇ ಡಿಪೋದ ಡಾಕ್ಟರು ಅವನ ರಕ್ತದಲ್ಲಿ ಕೊಬ್ಬು ಜಾಸ್ತಿ ಎಂದರು. ಹಬ್ಬ ಮುಗಿದ ಮೇಲೆ ಮತ್ತೆ ರಕ್ತ ಕೊಟ್ಟು ರಿಪೋರ್ಟ್ ತರಬೇಕು. ಇಳಿದಿದ್ದರೆ ಸರಿ, ಇಲ್ಲದಿದ್ದರೆ ಸ್ಟೇರಿಂಗ್ ಬಿಟ್ಟು ಡಿಪೋದ ಸ್ಟೋರ್ ರೂಮಿನಲ್ಲಿ ನಟ್ಟು ಬೋಲ್ಟು ನೋಡಿಕೊಂಡು ಕೂರಬೇಕು. ಇದನ್ನು ಹೇಳುವಾಗ ಅಣ್ಣನ ಮುಖದಲ್ಲಿ ರಕ್ತವೇ ಇರಲಿಲ್ಲ, ಕೊಬ್ಬಿನ ಮಾತು ಹಾಗಿರಲಿ.

"ಈ ಹಬ್ಬಕ್ಕೆ ಬಾಣಲೆ ಒಲೆ ಮೇಲೆ ಏರಲ್ಲ," ಎಂದು ಅತ್ತಿಗೆ ಘೋಷಿಸಿದಳು. "ತಿಂಡಿ ಎಲ್ಲಾ ಓವನ್‌ನಲ್ಲೇ. ಎಲ್ಲಾ ಹಗುರ."

ಅಷ್ಟಕ್ಕೇ ನಿಂತಿದ್ದರೆ ನಾನು ಅವಳಿಗೆ ಕೈ ಮುಗಿಯುತ್ತಿದ್ದೆ. ಆದರೆ ಅಂಗಡಿಯವನಿಗೂ ಹಬ್ಬ ಇದೆಯಲ್ಲ. ಅವನು ಪೇಪರಿನಲ್ಲಿ ಕೂಪನ್ ಹಾಕಿದ. ಆರೋಗ್ಯಕ್ಕಾಗಿ ಓಟ್ಸ್ ಕೊಳ್ಳಿ, ದೊಡ್ಡ ಪ್ಯಾಕೆಟ್ಟಿಗೊಂದು ಡಬ್ಬ ಕರಿಯುವ ಎಣ್ಣೆ ಉಚಿತ. ಒಂದು ಕೈಯಲ್ಲಿ ಔಷಧಿ, ಇನ್ನೊಂದರಲ್ಲಿ ರೋಗ, ಎರಡಕ್ಕೂ ಸೇರಿ ಒಂದೇ ಬಿಲ್ಲು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ಪೈಕಿಯವಳಲ್ಲ ನಮ್ಮತ್ತಿಗೆ. ಪಕ್ಕದ ಮನೆಗಳ ಪೇಪರುಗಳನ್ನೂ ಬೇಡಿ ತಂದು, ನನ್ನ ಕತ್ತರಿಯಲ್ಲಿ ಕರಕರ ಕತ್ತರಿಸಿದಳು. ಸಂಜೆಗೆ ಆಟೋ ತುಂಬ ಓಟ್ಸು, ಅದರ ಮೇಲೆ ಎಣ್ಣೆ ಡಬ್ಬಗಳು.

"ಅಲ್ವೇ, ಎಣ್ಣೆ ಬಿಡೋಕೆ ಅಂತ ತಾನೇ ಓಟ್ಸ್ ತಂದಿದ್ದು? ಮತ್ತೆ ಎಣ್ಣೆ ಯಾಕೆ ತಂದೆ?" ಎಂದೆ.

"ಕೂಪನ್‌ನಲ್ಲಿ ಹಾಗೇ ಇದೆ."

"ಎಣ್ಣೆ ಬೇಡ ಅನ್ನಬಾರದಿತ್ತಾ?"

"ಬೇಡ ಅಂದ್ರೆ ಓಟ್ಸಿಗೆ ದುಡ್ಡು ಕಮ್ಮಿ ಮಾಡ್ತಾನಾ? ಇಲ್ಲ. ಮತ್ತೆ ಅವನಿಗ್ಯಾಕೆ ಬಿಟ್ಟು ಬರ್ಲಿ?"

ಅವಳ ಲೆಕ್ಕಕ್ಕೆ ಉತ್ತರ ಇರುವುದೇ ಇಲ್ಲ, ತಲೆನೋವು ಇರುತ್ತದೆ. ಅಡುಗೆಮನೆಯಲ್ಲಿ ಜಾಗ ಸಾಲದೆ ಡಬ್ಬಗಳು ಅಣ್ಣನ ಮಂಚದ ಕೆಳಗೆ ಹೋದವು. ಎಣ್ಣೆ ಮುಟ್ಟಬಾರದ ಮನುಷ್ಯ ಎಣ್ಣೆಯ ಮೇಲೆಯೇ ಮಲಗತೊಡಗಿದ.

ಹಬ್ಬ ಬಂತು. ಓಟ್ಸ್ ಉಂಡೆ, ಓಟ್ಸ್ ಕಡ್ಡಿ, ಓಟ್ಸಿಗೆ ಗೋಧಿ ಹಿಟ್ಟು ಬೆರೆಸಿ ಸುಟ್ಟ ಬಿಲ್ಲೆ. ಸಕ್ಕರೆಗೆ ಕೂಪನ್ ಬಂದಿರಲಿಲ್ಲ, ಹಾಗಾಗಿ ಸಿಹಿಯೂ ಹಗುರ. ಅಣ್ಣನ ಬಸ್ಸಿನ ಕಂಡಕ್ಟರ್ ಮನೆಗೆ ಬಂದು ಒಂದು ಬಿಲ್ಲೆ ಕಚ್ಚಿದ, ಕಚ್ಚಿದ್ದನ್ನು ತೆಗೆದು ನೋಡಿದ, ಹಲ್ಲು ಮುಟ್ಟಿ ನೋಡಿಕೊಂಡ. "ಕಬ್ಬಿಣದ ಕಡಲೆ ಅಂತ ಬರೀ ಕೇಳಿದ್ದೆ ಕಣಮ್ಮ, ಇವತ್ತು ತಿಂದೆ," ಎಂದ. ಎದುರುಮನೆ ಅಜ್ಜಿ ಮಾತ್ರ ಬಾಯ್ತುಂಬ ಹೊಗಳಿ ಎರಡು ಬಿಲ್ಲೆ ಸೆರಗಿಗೆ ಕಟ್ಟಿಕೊಂಡು ಹೋದರು. ಮಾರನೆಯ ದಿನ ಅವರ ಕುಂಟು ಮೇಜು ಅಲ್ಲಾಡುತ್ತಿರಲಿಲ್ಲ. ಅಣ್ಣನೊಬ್ಬನೇ ತಕರಾರಿಲ್ಲದೆ ತಿಂದ. "ಚೆನ್ನಾಗಿದೆ," ಅನ್ನುತ್ತ, ಪ್ರತಿ ತುತ್ತಿಗೂ ನೀರು ಕುಡಿದ.

ಉಳಿದ ತಿಂಡಿ ಎರಡು ದೊಡ್ಡ ಡಬ್ಬದಷ್ಟಾಯಿತು. ಅದನ್ನು ಎಸೆಯುವ ಮಾತನ್ನು ಆ ಮನೆಯಲ್ಲಿ ಆಡುವ ಧೈರ್ಯ ಯಾರಿಗಿದೆ?

ಒಂದು ಮಧ್ಯಾಹ್ನ ಕರೆಂಟ್ ಹೋಗಿ ನನ್ನ ಮೆಷಿನ್ ನಿಂತಿತು. ನಿಂತ ಕೂಡಲೇ ಚುರ್ರ್ ಎಂಬ ಸದ್ದು ಕೇಳಿಸಿತು, ಅದರ ಹಿಂದೆಯೇ ಘಮ. ಒಳಗೆ ಹೋಗಿ ನೋಡಿದರೆ ಬಾಣಲೆ ಒಲೆ ಏರಿದೆ. ಹಗುರವಾದ ಆ ಬಿಲ್ಲೆಗಳು ಎಣ್ಣೆಯಲ್ಲಿ ಕೆಂಪಗೆ ಉಬ್ಬಿ ತೇಲುತ್ತಿವೆ. ಅತ್ತಿಗೆ ನಿಂತಲ್ಲೇ ನಿಂತು ಒಂದೊಂದನ್ನೇ ಊದಿ ಊದಿ ತಿನ್ನುತ್ತಿದ್ದಾಳೆ.

"ಏನೇ ಇದು!"

"ಡೇಟು ಮುಗೀತಾ ಬಂತು," ಎಂದಳು, ಬಾಯಿ ತುಂಬಿಕೊಂಡೇ.

"ಯಾವುದರ ಡೇಟು?"

"ಎಣ್ಣೇದು. ಅದಕ್ಕೇ ಅಲ್ವಾ ಅವನು ಪುಕ್ಕಟೆ ಕೊಟ್ಟಿದ್ದು? ಈ ಬಿಲ್ಲೇನೂ ಯಾರೂ ಮುಟ್ತಿಲ್ಲ. ಎರಡೂ ಹಾಳಾಗೋ ಬದಲು ಒಂದರಲ್ಲಿ ಒಂದು ಹಾಕಿದ್ರೆ ಎರಡೂ ಖರ್ಚಾಗುತ್ತೆ."

ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವವರನ್ನು ನೋಡಿದ್ದೇನೆ. ಪುಕ್ಕಟೆ ಸಿಕ್ಕಿದ್ದನ್ನು ಶಿಕ್ಷೆಯ ಹಾಗೆ ಅನುಭವಿಸುವವಳನ್ನು ನೋಡಿದ್ದು ಅಂದೇ. ಮಂಚದ ಕೆಳಗೆ ಬಗ್ಗಿ ನೋಡಿದೆ. ಡಬ್ಬಗಳೆಲ್ಲ ಹೆಚ್ಚುಕಮ್ಮಿ ಖಾಲಿ.

"ಅಣ್ಣನಿಗೂ ಇದನ್ನೇ ಹಾಕ್ತಿದ್ದೀಯಾ? ಅವನ ಕೆಲಸ ತೆಗೀತೀಯಾ ನೀನು!"

"ನಿಂಗೇನು ಹುಚ್ಚಾ? ಒಂದು ಹನಿನೂ ಕೊಟ್ಟಿಲ್ಲ," ಎಂದಳು. ಅಷ್ಟರಲ್ಲಿ ಹೊರಗೆ ಅಣ್ಣನ ಚಪ್ಪಲಿ ಸದ್ದಾಯಿತು. ತಟ್ಟೆ ಮುಚ್ಚಿ ಕಪಾಟಿಗೆ ತಳ್ಳಿ, ಕಿಟಕಿ ತೆಗೆದು ಸೆರಗಿನಿಂದ ಘಮವನ್ನು ಹೊರಗಟ್ಟತೊಡಗಿದಳು. ನಾನು ಅವಳನ್ನು ನಂಬಲಿಲ್ಲ. ಅಷ್ಟು ಎಣ್ಣೆಯನ್ನು ಒಂದೇ ಹೊಟ್ಟೆ ಹೀರಲು ಸಾಧ್ಯವೇ?

ರಕ್ತಪರೀಕ್ಷೆಗೂ ಕೂಪನ್ ಇಟ್ಟುಕೊಂಡಿದ್ದಳು. ಒಬ್ಬರು ದುಡ್ಡು ಕೊಟ್ಟರೆ ಜೊತೆಗೆ ಬಂದವರದು ಉಚಿತ. ಅಣ್ಣನ ಜೊತೆ ನನ್ನನ್ನೂ ಲ್ಯಾಬಿಗೆ ಎಳೆದುಕೊಂಡು ಹೋದಳು. ದಿನವಿಡೀ ಸೂಜಿ ಹಿಡಿಯುವ ನಾನು ಆ ಸೂಜಿ ಕಂಡದ್ದೇ ಬಾಗಿಲ ಹತ್ತಿರ ಹೋಗಿ ನಿಂತೆ.

"ಥೂ ಪುಕ್ಕಲಿ. ಕೂಪನ್ ಯಾಕೆ ದಂಡ ಮಾಡೋದು?" ಎಂದು ತಾನೇ ತೋಳು ಚಾಚಿದಳು.

ಮಾರನೆಯ ದಿನ ಮೂವರೂ ರಿಪೋರ್ಟಿಗೆ ಹೋದೆವು. ಅಣ್ಣ ಕುರ್ಚಿಯ ತುದಿಯಲ್ಲಿ ಕೂತಿದ್ದ. ಅಲ್ಲಿನ ಡಾಕ್ಟರಮ್ಮ ಮೊದಲನೇ ಹಾಳೆಯನ್ನು ಹಳೇ ರಿಪೋರ್ಟಿನ ಪಕ್ಕ ಇಟ್ಟು ನೋಡಿ, "ಚೆನ್ನಾಗಿ ಇಳಿದಿದೆ, ಬಸ್ ಓಡಿಸಿ," ಎಂದರು. ಅಣ್ಣನ ಎಡಗಾಲು ಮೇಜಿನ ಕೆಳಗೆ ತಾನಾಗಿಯೇ ಕ್ಲಚ್ ಒತ್ತಿತು. ಎರಡನೇ ಹಾಳೆಗೆ ಡಾಕ್ಟರಮ್ಮ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಇದು ಯಾರದು?"

"ನಂದೇ. ಅದು ಉಚಿತದ್ದು," ಎಂದಳು ಅತ್ತಿಗೆ.

"ನಿಮ್ಮ ಯಜಮಾನರಿಗೆ ಹಿಂದೆ ಇದ್ದಿದ್ದಕ್ಕಿಂತ ಜಾಸ್ತಿ ಇದೆಯಲ್ರೀ. ಏನ್ ತಿಂತಾ ಇದ್ದೀರಿ?"

"ಹಗುರವಾದ ತಿಂಡಿ ಡಾಕ್ಟ್ರೇ."

ನನಗೆ ನಗು ಉಕ್ಕಿತು. ಮರುಕ್ಷಣವೇ ಹೊಳೆಯಿತು. ಅವಳು ಹೇಳಿದ್ದು ನಿಜವಾಗಿತ್ತು, ಅಣ್ಣನಿಗೆ ಒಂದು ಹನಿ ಕೊಟ್ಟಿರಲಿಲ್ಲ. ಒಳ್ಳೆಯದನ್ನೆಲ್ಲ ಅವನಿಗೆ ತಿನ್ನಿಸಿ, ಪುಕ್ಕಟೆಯದನ್ನೆಲ್ಲ ತಾನು ತಿಂದಿದ್ದಳು. ಸಿಟ್ಟು ಬಂತು, ಅಳುವೂ ಬಂತು. ಅಣ್ಣ ನನ್ನ ಮುಖ ನೋಡಿದ. ಎಣ್ಣೆಯ ಕಥೆಯನ್ನು ಅಲ್ಲೇ ಪೂರ್ತಿ ಹೇಳಿಬಿಟ್ಟೆ.

"ನಡೆಯುವಾಗ ಎದೆ ಹಿಡಿದ ಹಾಗಾಗುತ್ತಾ?" ಎಂದು ಡಾಕ್ಟರಮ್ಮ ಕೇಳಿದರು.

"ಮೆಟ್ಟಿಲು ಹತ್ತುವಾಗ ಸ್ವಲ್ಪ. ಸಾಮಾನು ಭಾರ ಇರುತ್ತಲ್ಲ."

"ಹೃದಯದ ಪರೀಕ್ಷೆ ಮಾಡಿಸಿ. ತಡ ಮಾಡಬೇಡಿ."

ಹೊರಗೆ ಕೌಂಟರಿನ ಹುಡುಗಿ ನಗುತ್ತ ಒಂದು ಚೀಟಿ ಕೊಟ್ಟಳು. ಹೃದಯದ ಪರೀಕ್ಷೆ, ಇಬ್ಬರನ್ನು ಕರೆತಂದರೆ ನಿಮ್ಮದು ಉಚಿತ. ಅತ್ತಿಗೆಯ ಮುಖ ಅರಳಿತು. ಅಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು.

"ಇವರೊಬ್ರು ಆದ್ರು. ನೀನು ಸೂಜಿಗೇ ಹೆದರ್ತೀಯ, ಇದಕ್ಕೆಲ್ಲಿ ಬರ್ತೀಯ. ಮುಂದಿನ ತಿಂಗಳು ನಮ್ಮಕ್ಕ ಬರ್ತಾಳೆ, ಅಲ್ಲಿವರೆಗೂ ಡೇಟ್ ಇದೆ..."

ಅಣ್ಣ ಆ ಚೀಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ಹರಿದ. ಅವಳನ್ನು ಕಟ್ಟಿಕೊಂಡಂದಿನಿಂದ ಅವನು ಕೂಪನ್ ಹರಿದಿದ್ದು ಅದೇ ಮೊದಲು.

"ಪೂರ್ತಿ ದುಡ್ಡು ಎಷ್ಟಾಗುತ್ತೆ ಹೇಳಮ್ಮ. ಇವತ್ತೇ ಮಾಡಿಬಿಡಿ," ಎಂದ ಕೌಂಟರಿನ ಹುಡುಗಿಗೆ.

"ಅಯ್ಯೋ, ಡೇಟ್ ಇತ್ತಲ್ರೀ!" ಎಂದು ಅತ್ತಿಗೆ ನೆಲಕ್ಕೆ ಬಗ್ಗಿದಳು. ಒಂದು ತುಂಡು ಸಿಕ್ಕಿತು. ಇನ್ನೊಂದಕ್ಕೆ ಸುತ್ತಮುತ್ತ ಹುಡುಕಿದಳು. ಅದರ ಮೇಲೆ ನಾನು ಕಾಲಿಟ್ಟು ನಿಂತಿದ್ದೆ.