ತೂ ಅನ್ನುವವರು

ಕಾಂಚನ ಕೈ ಎತ್ತಿದಳೆಂದರೆ ನನಗೆ ಎದೆ ಡವಡವ. ಚಿಕ್ಕೋಡಿಯ ಕಾಲೇಜಿನಲ್ಲಿ ನಾನು ಆ ಹುಡುಗಿಗೆ ಇಂಗ್ಲಿಷ್ ಕಲಿಸುತ್ತೇನೆ, ಅವಳು ನನಗೆ ಬುದ್ಧಿ ಕಲಿಸುತ್ತಾಳೆ. ಅವತ್ತು ಹಳೆಯ ಪದ್ಯವೊಂದರಲ್ಲಿ ‘ದೌ’ ಅನ್ನುವ ಮಾತು ಬಂತು. ಇಂಗ್ಲಿಷಿನವರು ಹತ್ತು ಮಂದಿಗೆ ‘ಯೂ’, ಒಬ್ಬನಿಗೆ ‘ದೌ’ ಅನ್ನುತ್ತಿದ್ದ ಕಾಲದ್ದು.

“ಮೇಡಂ, ಅದು ದೊಡ್ಡವರಿಗೆ ಅನ್ನೂದೋ, ಸಣ್ಣವರಿಗೆ ಅನ್ನೂದೋ?”

ನನಗೆ ಹುರುಪು ಬಂತು. ಅದು ನಮ್ಮ ಗಡಿಭಾಗದ ಮರಾಠಿಯ ‘ತೂ’ದ ದಾಯಾದಿ ಎಂದೆ. ಸಂಸ್ಕೃತದ ತ್ವಂ, ಪಾರ್ಸಿಯ ತೋ, ಜರ್ಮನ್ನರ ದು, ಎಲ್ಲವೂ ಒಂದೇ ಬೇರಿನವು. ಕನ್ನಡದ ‘ನೀ’ ಮಾತ್ರ ಬೇರೆ ಮನೆತನದ್ದು. ಇಂಗ್ಲೆಂಡಿನಲ್ಲಿ ಗೆಳೆಯ ಗೆಳೆಯನಿಗೆ ದೌ ಅನ್ನುತ್ತಿದ್ದ. ಧಣಿ ಆಳಿಗೂ ಅನ್ನುತ್ತಿದ್ದ. ಭಕ್ತ ದೇವರಿಗೂ ಅದನ್ನೇ ಅನ್ನುತ್ತಿದ್ದ.

“ಅಂದ್ರ ಪ್ರೀತಿಲೆ ಅಂದಾನೋ, ಧಿಮಾಕಿಲೆ ಅಂದಾನೋ, ಹೆಂಗ ಗೊತ್ತಾಗ್ತಿತ್ರಿ?”

“ತಿರುಗಿ ನಾವೂ ದೌ ಅಂದು ನೋಡಬೇಕು. ಆಗ ಗೊತ್ತಾಗ್ತಿತ್ತು,” ಎಂದೆ. ಗಂಟೆ ಹೊಡೆಯಿತು. ಬಾಯಿಗೆ ಬಂದದ್ದನ್ನು ಆಡಿ ಪಾರಾದೆ ಅಂದುಕೊಂಡೆ.

ಮನೆಗೆ ಬಂದರೆ ಅಪ್ಪ ಫೋನಿನಲ್ಲಿ ನಗುತ್ತಿದ್ದ. ಅಪ್ಪ ಜ್ಞಾನದೇವ, ಸಕ್ಕರೆ ಕಾರ್ಖಾನೆಯಿಂದ ರಿಟೈರ್ ಆಗಿ ನನ್ನ ಜೊತೆಗಿದ್ದಾನೆ. ಹುಟ್ಟಿದ್ದು ರಾಯಬಾಗ ಕಡೆಯ ದಿಗ್ಗೇವಾಡಿಯಲ್ಲಿ. ಆ ಕಡೆ ಫೋನಿನಲ್ಲಿದ್ದದ್ದು ಕಾಕಾಸಾಹೇಬರು. ಹೊಳೆದಂಡೆಯ ಕಬ್ಬಿನ ತೋಟಗಳ ಮಾಲಕರು, ನಮ್ಮ ಅಜ್ಜ ದುಡಿದದ್ದು ಅವರ ಹೊಲದಲ್ಲೇ. ಪ್ರತಿ ರವಿವಾರ ಅವರ ಫೋನು ಬರಬೇಕು, “ಕಾಯ ರೇ ಜ್ಞಾನ್ಯಾ, ತೂ ಇನ್ನೂ ಜೀವಂತ ಅದಿಯೇನಲೇ?” ಅನ್ನಬೇಕು, ಅಪ್ಪ ಕಣ್ಣಲ್ಲಿ ನೀರು ಬರುವ ಹಾಗೆ ನಗಬೇಕು. ಅವತ್ತು ಮಾತ್ರ ವಾರದ ನಡುವೆಯೇ ಮಾಡಿದ್ದರು, ಮಿರಜಿನಲ್ಲಿ ಮೊಣಕಾಲಿನ ಆಪರೇಶನ್ ಆಗಿ ದಿಗ್ಗೇವಾಡಿಯ ಮನೆಗೆ ಬಂದಿದ್ದಾರಂತೆ, ಬಂದು ಹೋಗು ಎಂದು ಕರೆದಿದ್ದರು.

“ಅವರು ನಿನಗ ತೂ ಅಂತಾರ. ನೀ ಯಾಕ ತುಮ್ಹಿ, ತುಮ್ಹಿ ಅಂತಿ?” ಎಂದು ಕೇಳಿದೆ. ತುಮ್ಹಿ ಅಂದರೆ ನೀವು.

“ಅದು ಪ್ರೀತಿ, ಬಾಳಾ.” ಅಪ್ಪ ನನ್ನನ್ನು ಕರೆಯುವುದೇ ಹಾಗೆ, ಮಗೂ ಅಂತ.

“ಪ್ರೀತಿ ಆದ್ರ ಎರಡೂ ಕಡಿ ಇರಬೇಕಲ್ಲ.”

“ಇತ್ತಲ್ಲ. ಎಮ್ಮಿ ಬಾಲ ಹಿಡಕೊಂಡು ಇಬ್ಬರೂ ಹೊಳಿ ದಾಟತಿದ್ವಿ. ಆಗ ನಾನೂ ತೂ ಅಂತಿದ್ದೆ.”

“ಮತ್ತ ಯಾವಾಗ ಬಿಟ್ಟಿ?”

“ಬಿಡು ಅಂತ ಯಾರೂ ಅನ್ನಲಿಲ್ಲ. ಮೀಸಿ ಬರೂ ಹೊತ್ತಿಗೆ ತಾನ ಬಿಟ್ಟಹೋಗಿತ್ತು.”

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ನನ್ನ ಅಪ್ಪನನ್ನು ‘ಜ್ಞಾನ್ಯಾ’ ಅನ್ನುವವನು ಗೆಳೆಯನೋ ಧಣಿಯೋ ಎನ್ನುವುದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲವಲ್ಲ. “ಹಂಗಾದ್ರ ಈ ಸಲ ಹೋದಾಗ ಒಮ್ಮಿ ತೂ ಅಂದು ನೋಡು,” ಎಂದೆ. ಅಪ್ಪ “ಹುಚ್ಚಿ” ಎಂದು ನಕ್ಕ. ಆದರೆ ದಿಗ್ಗೇವಾಡಿಯ ಬಸ್ಸಿನಲ್ಲಿ ಅವನ ತುಟಿ ಅಲುಗುತ್ತಿತ್ತು, ಪರೀಕ್ಷೆಗೆ ಹೊರಟ ಹುಡುಗನ ಹಾಗೆ.

ಕಾಕಾಸಾಹೇಬರು ಪಡಸಾಲೆಯ ತೂಗುಮಂಚದ ಮೇಲಿದ್ದರು. “ಬರ್ರಿ ಮೇಡಂ, ಕುಂದರ್ರಿ,” ಎಂದು ನನಗೆ ಕುರ್ಚಿ ತೋರಿಸಿದರು. ಅಪ್ಪನನ್ನು ನೋಡಿದ್ದೇ ಮುಖ ಅರಳಿತು. “ಜ್ಞಾನ್ಯಾ, ತೂ ಇಕಡೇ ಬಸ್,” ಎಂದು ಕೂರಲು ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು. ಧಣಿಯಾದವನು ತನ್ನ ಪಕ್ಕಕ್ಕೆ ಕೂರಿಸಿಕೊಳ್ಳುತ್ತಾನೆಯೇ? ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಅಪ್ಪ ಕೂತ, ಆದರೆ ತುದಿಯಲ್ಲಿ, ಅರ್ಧ ಮಾತ್ರ. ಹಾಗಾದರೆ ನನ್ನ ಲೆಕ್ಕವೇ ಸರಿಯೇ?

ಇಬ್ಬರೂ ಹೊಳೆಯ ಮಾತು ತೆಗೆದರು, ಎಮ್ಮೆಯ ಮಾತು ತೆಗೆದರು. ನಕ್ಕು ನಕ್ಕು ಕಾಕಾಸಾಹೇಬರಿಗೆ ಕೆಮ್ಮು ಬಂತು. ಅಪ್ಪ ಬೆನ್ನು ನೀವಿದ. ನಾನು ಹೇಳಿದ್ದು ತಪ್ಪಾಯಿತು, ಇದು ಅಪ್ಪಟ ಗೆಳೆತನವೇ ಎಂದು ನನಗೆ ಅನಿಸತೊಡಗಿತ್ತು. ಬೇಡ ಬಿಡು ಎಂದು ಕಣ್ಣಲ್ಲೇ ಹೇಳೋಣವೆಂದರೆ ಅಪ್ಪ ನನ್ನ ಕಡೆ ನೋಡಲೇ ಇಲ್ಲ.

ಸೊಸೆ ಸಾರಿಕಾ ಚಹಾದ ತಾಟು ಹಿಡಿದು ಬಂದಳು. ಕಪ್ಪಿಗೆ ಕೈ ಚಾಚಲು ಕಾಕಾಸಾಹೇಬರು ಏಳಲು ಹೋದರು. ಅಪ್ಪ ಅವರ ತೋಳು ಹಿಡಿದ.

“ಕಾಕಾಸಾಹೇಬ, ತೂ ಬಸ್. ಮೀ ದೇತೋ,” ಎಂದ. ನೀ ಕೂಡು, ನಾ ಕೊಡತೀನಿ. ಅಷ್ಟೇ ಮಾತು.

ತೂಗುಮಂಚ ನಿಂತಿತು. ಸಾರಿಕಾ ಮಾವನ ಮುಖ ನೋಡಿದಳು. ಕಾಕಾಸಾಹೇಬರ ಮುಖದಲ್ಲಿ ಸಿಟ್ಟಿರಲಿಲ್ಲ, ನಾನು ಸರಿಯಾಗಿಯೇ ನೋಡಿದೆ. ಏನೋ ಮರೆತದ್ದನ್ನು ನೆನಪಿಸಿಕೊಳ್ಳುವವರ ಹಾಗೆ ಅಪ್ಪನನ್ನೇ ನೋಡಿದರು. ಆಮೇಲೆ ತಾವೇ ಒಂದು ಕಪ್ಪು ಎತ್ತಿ ಎರಡೂ ಕೈಯಿಂದ ಅಪ್ಪನಿಗೆ ಹಿಡಿದರು.

“ಚಹಾ ಘ್ಯಾ, ಜ್ಞಾನದೇವರಾವ್. ತುಮ್ಹಾಲಾ ಉಶೀರ ಹೋಯೀಲ.” ಚಹಾ ತಗೋರಿ, ನಿಮಗ ತಡ ಆಗ್ತದ.

ಜ್ಞಾನದೇವರಾವ್. ತುಮ್ಹಿ. ನನ್ನ ಅಪ್ಪನಿಗೆ ಆ ಮನೆಯಲ್ಲಿ ಮೊದಲ ಸಲ ಸಿಕ್ಕ ಬಹುವಚನ. ನಾನು ಕುಣಿಯಬೇಕಾಗಿತ್ತು. ಆದರೆ ನನ್ನ ಚಹಾವನ್ನು ಅರ್ಧಕ್ಕೇ ತಾಟಿನಲ್ಲಿಟ್ಟೆ. ಹೊರಡುವಾಗ ಕಾಕಾಸಾಹೇಬರು ಕೋಲೂರಿಕೊಂಡು ಬಾಗಿಲ ತನಕ ಬಂದರು, ಅಪ್ಪನಿಗೆ ಕೈ ಮುಗಿದರು. ಇಷ್ಟು ಮರ್ಯಾದೆ ಬೀಗರಿಗೂ ಸಿಗುವುದಿಲ್ಲ.

ಬಸ್ಸು ಕಬ್ಬೂರ ದಾಟಿತು. “ನನಗ ರಾವ್ ಅಂದ ನೋಡು,” ಎಂದ ಅಪ್ಪ.

“ಮರ್ಯಾದಿ ಕೊಟ್ರು, ಅಪ್ಪಾ.”

“ಹೌದು, ಕೊಟ್ಟ.” ನನ್ನ ಕಡೆ ತಿರುಗಿ ಕೇಳಿದ, “ಮನಿಶಾ, ಅಂವಗ ಖುಷಿ ಆತೋ, ಬ್ಯಾಸರ ಆತೋ?”

ಸರಿಸಮ ಎಂದು ಒಪ್ಪಿಕೊಂಡು ಆ ಮಾತು ಆಡಿದರೋ, ದೂರ ನಿಲ್ಲು ಎಂದು ಆಡಿದರೋ? ಅವರಿಗೇ ಗೊತ್ತಿತ್ತೋ ಇಲ್ಲವೋ. ತಿರುಗಿ ಅಂದರೆ ಗೊತ್ತಾಗುತ್ತದೆ ಎಂದು ಕ್ಲಾಸಿನಲ್ಲಿ ಠೀವಿಯಿಂದ ಹೇಳಿದವಳು ನಾನು. ಇಂಗ್ಲೆಂಡಿನಲ್ಲೂ ಒಂದು ಪಂಥದವರು ಎಲ್ಲರೂ ಸಮ ಎಂದು ದೊಡ್ಡವರಿಗೆಲ್ಲ ದೌ ಅಂದು ಏಟು ತಿಂದಿದ್ದರು. ಏಟಾದರೆ ಏಟು ಎಂದು ಗೊತ್ತಾದರೂ ಆಗುತ್ತದೆ.

ಮುಂದಿನ ರವಿವಾರ ಅಪ್ಪ ಮುಂಜಾನೆಯಿಂದ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಫೋನು ಬಂತು. ನನ್ನ ಜೀವ ತಣ್ಣಗಾಯಿತು. ಅಪ್ಪ ಎದ್ದು ನಿಂತು ಮಾತಾಡಿದ. “ಹೋ ಜೀ. ಬರಾ ಆಹೇ. ತುಮ್ಹಿ ಕಸೇ ಆಹಾತ?” ಆರಾಮ ಅದೀನ್ರಿ, ನೀವು ಹೆಂಗದೀರಿ. ನಗು ಬರಲೇ ಇಲ್ಲ. ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮಾತು ಮುಗಿದಿತ್ತು.

“ಏನಂದ್ರು?” ಎಂದು ಕೇಳಿದೆ.

“ಭಾಳ ಮರ್ಯಾದಿಲೆ ಮಾತಾಡಿದ್ರು,” ಎಂದ ಅಪ್ಪ. ಫೋನನ್ನು ಮೇಜಿನ ಮೇಲಿಟ್ಟ. “ನಮ್ಮವ್ವ ಹೋದ ಮ್ಯಾಲ ನನಗ ತೂ ಅನ್ನಾಂವ ಅಂವ ಒಬ್ಬನ ಇದ್ದ, ಬಾಳಾ.”