ಬರೀ ಚೆನ್ನಾಗಿದೆ ಅನ್ನಬೇಡಿ

ಕುರ್ಚಿಯನ್ನು ತಲೆಕೆಳಗಾಗಿ ಹೊತ್ತು ತಂದ ಅಳಿಯ, ಅದರ ಕಾಲನ್ನು ಬಾಗಿಲ ಚೌಕಟ್ಟಿಗೆ ತಾಗಿಸಿ, ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಸದ್ದು ಮಾಡಿದ.

“ನಿಧಾನ ಕಣ್ರೀ,” ಎಂದಳು ಮಗಳು. “ಅಮ್ಮ ಇದ್ದಿದ್ರೆ ನಿಮಗಲ್ಲ, ಕುರ್ಚಿಗೆ ಪೆಟ್ಟಾಯ್ತಾ ಅಂತ ಕೇಳ್ತಿದ್ಲು.”

ಅಮ್ಮ ಅಲ್ಲೇ ಕೋಣೆಯ ನಡುವೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಮನೆಯ ಮುಂದಿನ ಕೋಣೆಯೇ ಅವಳ ಕೆಲಸದ ಕೋಣೆ. ಸ್ಪ್ರಿಂಗು, ನಾರು, ರೆಕ್ಸಿನ್ ಸುರುಳಿಗಳನ್ನು ಬೆಳಿಗ್ಗೆ ಮೂಲೆಗೆ ಸರಿಸಿ ಅವಳಿಗೆ ಜಾಗ ಮಾಡಿದ್ದರು. ಜೀವಮಾನವೆಲ್ಲ ಸೋಫಾ, ಕುರ್ಚಿ ರಿಪೇರಿ ಮಾಡಿದವಳು. ಅಂಗಡಿ ಇಲ್ಲ, ಬೋರ್ಡಿಲ್ಲ, ಮೇಲೊಬ್ಬ ಧಣಿಯಿಲ್ಲ. ಊರಿಗೆಲ್ಲ ಅವಳು ಕುರ್ಚಿಯಮ್ಮ. ಒಬ್ಬಳೇ ಕೂತು ದುಡಿದವಳನ್ನು ಕಳಿಸಿಕೊಡಲು ಎಷ್ಟು ಜನ ಬಂದಾರು ಎಂದುಕೊಂಡು ಮಗಳು ಬಾಡಿಗೆಗೆ ತರಿಸಿದ್ದ ಕುರ್ಚಿಗಳು ಬೆಳಗಿನಲ್ಲೇ ಸಾಲದೆ ಹೋಗಿದ್ದವು. ಈಗ ಬೀದಿಯ ಮನೆಗಳಿಂದ ತರುತ್ತಿದ್ದರು. ಹಾಗೆ ಬಂದವುಗಳಲ್ಲಿ ಅರ್ಧಕ್ಕರ್ಧ ಅವಳ ಕೈ ದಾಟಿ ಹೋದವೇ.

ಅವಳ ಗಂಡ ತಲೆಯ ಹತ್ತಿರ ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿದ್ದ. ಬಸ್ ಡ್ರೈವರಾಗಿ ನಿವೃತ್ತನಾದವನು, ಮೊದಲಿನಿಂದಲೂ ಮಾತು ಕಮ್ಮಿ. ಮಗಳು ಬಗ್ಗಿ ಕಿವಿಯಲ್ಲಿ ಹೇಳಿದಳು: “ಅಪ್ಪಾ, ವ್ಯಾನ್ ಬರೋಕೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ಅಮ್ಮನ ಬಗ್ಗೆ ಒಬ್ಬೊಬ್ರು ಎರಡು ಮಾತಾಡಲಿ. ಕೊನೆಗೆ ನೀವು.”

ಅವನು ಹೆಂಡತಿಯ ಮುಖ ನೋಡಿದ. ಏನು ಹೇಳುವುದು? ಅದಕ್ಕಿಂತ ಹೆಚ್ಚಾಗಿ, ಅವಳು ಒಪ್ಪುವಂಥದ್ದನ್ನು ಹೇಗೆ ಹೇಳುವುದು?

ಮೊದಲು ಎದ್ದವನು ಕಟಿಂಗ್ ಶಾಪಿನವನು. “ಕುರ್ಚಿಯಮ್ಮ ತುಂಬಾ ಒಳ್ಳೆ...” ಎಂದು ಶುರು ಮಾಡಿ, ಗೋಡೆಯ ಕಡೆ ನೋಡಿ ಅಲ್ಲಿಗೇ ನಿಲ್ಲಿಸಿದ. ಗೋಡೆಯ ತುಂಬ ಅಂಗೈಯಗಲದ ಕಾರ್ಡುಗಳು, ಅವುಗಳಲ್ಲಿ ಗಿರಾಕಿಗಳ ಮಾತು, ಅವರವರದೇ ಕೈಬರಹದಲ್ಲಿ. “ಬೇಡ, ಹೀಗಂದ್ರೆ ಅವರು ಒಪ್ಪಲ್ಲ. ಸರಿಯಾಗಿ ಹೇಳ್ತೀನಿ. ಮೊದಲು ನನ್ನ ಕುರ್ಚೀಲಿ ಕೂತವರು ಮೈಯೆಲ್ಲ ಮುರೀತಿದ್ರು. ಕಿವಿ ಹತ್ರ ಕತ್ತರಿ ಹೋದಾಗ ನನ್ನ ಕೈ ನಡುಗ್ತಿತ್ತು. ಈಗ ಕೂತವರು ಅಲ್ಲಾಡಲ್ಲ.”

“ಕೊರತೆ?” ಹಿಂದಿನ ಸಾಲಿನಿಂದ ಹಲ್ಲಿನ ಡಾಕ್ಟರು ಕೇಳಿದರು.

“ಕೊರತೆ ಅಂದ್ರೆ, ಕಟಿಂಗ್ ಆದ್ಮೇಲೂ ಏಳಲ್ಲ ಸಾರ್.”

ಕೋಣೆ ಗೊಳ್ಳೆಂದು ನಕ್ಕಿತು. ಮರುಕ್ಷಣ ಎಲ್ಲರೂ ನಾಲಿಗೆ ಕಚ್ಚಿಕೊಂಡು ಮಗಳ ಮುಖ ನೋಡಿದರು. ಅವಳೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

*

ಶುರುವಿನಲ್ಲಿ ಕುರ್ಚಿಯಮ್ಮನೂ ಎಲ್ಲರ ಹಾಗೆಯೇ, ಕೆಲಸ ಮುಗಿದ ದಿನವೇ ಗಿರಾಕಿಯ ಕೈಗೆ ಪೆನ್ನು ಕೊಡುತ್ತಿದ್ದಳು. ಅವರು ‘ಉತ್ತಮ ಕೆಲಸ’, ‘ತುಂಬಾ ಚೆನ್ನಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಇವಳು ಅದನ್ನೇ ಹೆಮ್ಮೆಯಿಂದ ಗೋಡೆಗೆ ಅಂಟಿಸುತ್ತಿದ್ದಳು.

ಒಂದು ದಿನ ಟೀಚರೊಬ್ಬರು ತೀರಿಹೋದ ಗಂಡನ ಕುರ್ಚಿಯನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದರು. ಗೋಡೆಯನ್ನು ಮೇಲಿಂದ ಕೆಳಗೆ ಓದಿ, “ಎಲ್ಲಾ ಒಬ್ಬರೇ ಬರೆದ ಹಾಗಿದೆಯಲ್ಲಮ್ಮ. ಈ ಕುರ್ಚಿ ಬಿಟ್ಟು ಹೋಗೋಷ್ಟು ಧೈರ್ಯ ನನಗೆ ಇದರಲ್ಲಿ ಸಿಗಲಿಲ್ಲ,” ಎಂದು ಅದೇ ಆಟೋದಲ್ಲಿ ಹಿಂತಿರುಗಿದರು.

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಮರುದಿನ ಗೋಡೆ ಖಾಲಿ ಮಾಡಿದಳು.

ಆಮೇಲೆ ಅವಳದು ಬೇರೆಯೇ ಕಟ್ಟುನಿಟ್ಟು. ಹೊಸದರಲ್ಲಿ ಎಲ್ಲವೂ ಚೆಂದವೇ ಎಂದು, ಒಂದು ವರ್ಷ ಕಳೆದ ಮೇಲೆ ಗಿರಾಕಿಯ ಮನೆಗೆ ತಾನೇ ಹೋಗುವಳು. ಮೊದಲು ತಾನು ರಿಪೇರಿ ಮಾಡಿದ ಕುರ್ಚಿಯಲ್ಲಿ ಕೂತು ನೋಡುವಳು. ಆಮೇಲೆ ಕೇಳುವಳು: ಮೊದಲು ಹೇಗಿತ್ತು, ಈಗ ಹೇಗಿದೆ, ಕೊರತೆ ಏನು? ಯಾರಾದರೂ ‘ಚೆನ್ನಾಗಿದೆ’ ಎಂದರೆ, “ಬರೀ ಚೆನ್ನಾಗಿದೆ ಅನ್ನಬೇಡಿ, ಏನಾಯ್ತು ಹೇಳಿ,” ಎಂದು ಪಟ್ಟು ಹಿಡಿಯುವಳು. ಕೊರತೆಯ ಮಾತಿರುವ ಕಾರ್ಡುಗಳನ್ನು ಎಲ್ಲಕ್ಕಿಂತ ಮೇಲೆ ಅಂಟಿಸಿ, ರೇಟು ಕೇಳಿ ಹಿಂದೆಮುಂದೆ ನೋಡುವ ಹೊಸ ಗಿರಾಕಿಗೆ, “ಮೊದಲು ಅದನ್ನ ಓದಿ,” ಎನ್ನುವಳು. ಓದಿದವರು ಸಾಮಾನ್ಯವಾಗಿ ಕುರ್ಚಿ ಬಿಟ್ಟೇ ಹೋಗುತ್ತಿದ್ದರು. ಕೆಲವು ವರ್ಷಗಳ ಮೇಲೆ ಟೀಚರೂ ಬಂದರು. ಮೇಲಿನ ಸಾಲು ಮಾತ್ರ ಓದಿದರು.

*

ಅದೇ ಟೀಚರು ಈಗ ಕೋಲೂರಿಕೊಂಡು ಎದ್ದು ನಿಂತರು.

“ನಮ್ಮ ಯಜಮಾನರು ಕೂತೂ ಕೂತೂ ಕುರ್ಚೀಲಿ ಒಂದು ತಗ್ಗು ಬಿದ್ದಿತ್ತು. ಸ್ಪ್ರಿಂಗು, ನಾರು ಎಲ್ಲ ಹೊಸದು ಹಾಕಿದಳು. ತಗ್ಗು ಮಾತ್ರ ಇದ್ದ ಹಾಗೇ ಇಟ್ಟಳು. ನಾನು ಅದನ್ನ ಕೇಳಿರಲಿಲ್ಲ.” ಸ್ವಲ್ಪ ಸುಧಾರಿಸಿಕೊಂಡು ಹೇಳಿದರು: “ಕೊರತೆ, ಈಗ ಅದರಲ್ಲಿ ಬೇರೆ ಯಾರನ್ನೂ ಕೂರಿಸೋಕೆ ನನಗೆ ಮನಸ್ಸು ಬರಲ್ಲ.”

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಮಗಳು ಅಪ್ಪನ ಹೆಗಲು ಮುಟ್ಟಿದಳು.

*

ಅವನ ನಿವೃತ್ತಿಗೆಂದು ಅವಳು ಒಂದು ಕೈಕುರ್ಚಿ ಮಾಡಿಕೊಟ್ಟಿದ್ದಳು. ಬಸ್ಸಿನ ಸೀಟಿನಲ್ಲಿ ಸವೆದ ಬೆನ್ನಿಗೆ ಎಲ್ಲಿ ಒತ್ತು ಬೇಕೆಂದು ಅವಳಿಗೆ ಗೊತ್ತಿತ್ತು. ವರ್ಷ ಕಳೆದ ಮೇಲೆ ಗಿರಾಕಿಗಳ ಮುಂದೆ ನಿಲ್ಲುವ ಹಾಗೆಯೇ ಸೊಂಟಕ್ಕೆ ಕೈಯಿಟ್ಟು ನಿಂತು ಕೇಳಿದ್ದಳು: “ಹೇಳ್ರೀ, ಹೇಗಿದೆ?”

“ಚೆನ್ನಾಗಿದೆ.”

“ಸಾರಿಗೂ ಅದೇ, ಸೀರೆಗೂ ಅದೇ, ನನಗೂ ಅದೇ! ನಿಮ್ಮ ಚೆನ್ನಾಗಿದೆಗೆ ನನ್ನ ಗೋಡೇಲಿ ಜಾಗ ಇಲ್ಲ. ನಿಮ್ಮದು ಬಾಕಿ, ನೆನಪಿರಲಿ.”

ಆಮೇಲೆ ಅದು ಇಬ್ಬರ ನಡುವಿನ ತಮಾಷೆಯೇ ಆಯಿತು. ಆಸ್ಪತ್ರೆಯಲ್ಲಿ ಕೊನೆಯ ಸಂಜೆಯೂ, ಮನೆಗೆ ಹೊರಟವನ ಕೈ ಹಿಡಿದು, “ನಿಮ್ಮದು ಬಾಕಿ,” ಎಂದು ನಕ್ಕಿದ್ದಳು. “ನಾಳೆ ಹೇಳ್ತೀನಿ,” ಎಂದು ಅವನೂ ನಕ್ಕು ಬಂದಿದ್ದ.

*

ಅವನು ಪೆಟ್ಟಿಗೆಯಿಂದ ಎದ್ದ. ಜನರ ಕಡೆ ನೋಡದೆ ಅವಳ ಕಡೆಯೇ ನೋಡಿದ.

“ಮೊದಲು ನನಗೆ ಮಾತು ಬರ್ತಿರಲಿಲ್ಲ,” ಎಂದ. “ಡ್ಯೂಟಿ ಮುಗಿಸಿ ಬಂದು ಈ ಪೆಟ್ಟಿಗೆ ಮೇಲೆ ಕೂರ್ತಿದ್ದೆ. ಇವಳು ಬಾಯಿತುಂಬ ಸಣ್ಣ ಮೊಳೆ ಇಟ್ಕೊಂಡು, ಒಂದೊಂದೇ ತೆಗೆದು ಹೊಡೀತಿದ್ಲು. ಇವಳ ಬಾಯಿ ಮುಚ್ಚಿರ್ತಿದ್ದದ್ದು ಆಗ ಮಾತ್ರ.”

ಯಾರೋ ಮೆಲ್ಲಗೆ ನಕ್ಕರು.

“ಆಗ ನಾನು ಮಾತಾಡ್ತಿದ್ದೆ. ರೂಟಿನಲ್ಲಿ ಆಗಿದ್ದು, ಮೇಲಿನವರು ಬೈದಿದ್ದು, ಮನಸ್ಸಿಗೆ ಬಂದದ್ದೆಲ್ಲ. ಇನ್ನೊಬ್ಬರ ಹತ್ರ ಯಾವತ್ತೂ ಆಡದ ಮಾತು.” ಮಗಳು ನೀರು ತರಲು ಹೊರಟಾಗ ಕೈಸನ್ನೆಯಲ್ಲೇ ಬೇಡವೆಂದ. “ಮೊಳೆ ಹೊಡೆಯೋ ಕೆಲಸ ಮುಗಿದು ಹೋಗಿರ್ತಿತ್ತು. ಸುತ್ತಿಗೆ ಕೆಳಗಿಟ್ಟಿರ್ತಿದ್ಲು. ಆದ್ರೂ ಒಂದು ಮೊಳೆ ತುಟೀಲೇ ಇರ್ತಿತ್ತು. ನನ್ನ ಮಾತು ಮುಗಿಯೋವರೆಗೂ ಅದನ್ನ ತೆಗೀತಿರಲಿಲ್ಲ. ನನಗೆ ಗೊತ್ತಾಗಲ್ಲ ಅಂದ್ಕೊಂಡಿದ್ಲು. ಗೊತ್ತಾಗ್ತಿತ್ತು.”

ಕೋಣೆಯಲ್ಲಿ ಒಂದು ಕುರ್ಚಿಯೂ ಕಿರ್ರೆನ್ನಲಿಲ್ಲ.

“ಕೊರತೆ,” ಎಂದು ಅವನೇ ನೆನಪಿಸಿಕೊಂಡ. “ಹಾಸಿಗೇಲೂ ಮೊಳೆ ಸಿಗ್ತಿತ್ತು.”

ಈ ಸಲದ ನಗು ಬೀದಿಯವರೆಗೂ ಕೇಳಿಸಿತು. ವ್ಯಾನಿನವನು ಮನೆ ತಪ್ಪಿತೇನೋ ಎಂದು ಇಣುಕಿ ನೋಡಿದ.

*

ಎಲ್ಲ ಮುಗಿಸಿ ಅವರು ಹಿಂತಿರುಗಿದಾಗ ಇನ್ನೂ ಬಿಸಿಲಿತ್ತು. ಬೀದಿಯವರು ಬಂದು ತಮ್ಮ ತಮ್ಮ ಕುರ್ಚಿಗಳನ್ನು ಒಯ್ದರು. ಹೊತ್ತುಕೊಳ್ಳುವ ಮೊದಲು ಪ್ರತಿಯೊಬ್ಬರೂ ಸೀಟನ್ನು ಒಮ್ಮೆ ಕೈಯಿಂದ ಒತ್ತಿ ನೋಡಿದರು. ಅಳಿಯ ಬಾಡಿಗೆಯವನ್ನು ವಾಪಸ್ ಕೊಡಲು ಹೋದ.

ಬೆಳಗಿನಿಂದ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿದ ಮಗಳು ಈಗ ಖಾಲಿ ಕೋಣೆಯಲ್ಲಿ ನೆಲದ ಮೇಲೇ ಕುಸಿದು ಕೂತಳು. “ಅಪ್ಪಾ, ಅಮ್ಮ ಒಂದ್ಸಲ ನನಗೆ...” ಎಂದವಳು ಮುಂದೆ ಹೇಳಲಾರದೆ ಬಿಕ್ಕಿದಳು. “ಬೇಡ ಬಿಡಿ, ನಿಮಗೂ ಸುಸ್ತಾಗಿದೆ.”

ಅವನು ಮೂಲೆಯಲ್ಲಿದ್ದ ಡಬ್ಬದಿಂದ ಒಂದು ಸಣ್ಣ ಮೊಳೆ ತೆಗೆದು ತುಟಿಗಳ ನಡುವೆ ಇಟ್ಟುಕೊಂಡ. ಪೆಟ್ಟಿಗೆಯನ್ನು ಮಗಳ ಹತ್ತಿರಕ್ಕೆ ಎಳೆದುಕೊಂಡು ಕೂತ.