ಮೆಂತ್ಯ ಕಹಿಯಾದದ್ದು

"ಒಂದು ಚಿಟಿಕೆ ಬಾಯಿಗೆ ಹಾಕ್ಕೊಂಡು ನೋಡಿ ಅಕ್ಕಾ, ಬರೀ ಕಹಿ! ನಿನ್ನೆ ಒಂದು ದೊಡ್ಡ ಪಾತ್ರೆ ಅಡುಗೆ ಮೋರಿ ಪಾಲಾಯ್ತು." ಊಟದ ಅಂಗಡಿಯ ಅಡುಗೆಯಣ್ಣ ಮಸಾಲೆ ಪುಡಿಯ ಪೊಟ್ಟಣವನ್ನು ಘಮಲಕ್ಕನ ಅಂಗಡಿಯ ಮೇಜಿನ ಮೇಲೆ ಕುಕ್ಕಿದ.

ಘಮಲಕ್ಕ ಚಿಟಿಕೆ ಪುಡಿ ನಾಲಿಗೆಗಿಟ್ಟು ನೋಡಿದಳು. ಮೆಂತ್ಯ ಸೀದಿತ್ತು.

ಬೀದಿಯವರು ಅವಳಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬಾಣಲೆಯ ಕಡೆ ಕಣ್ಣೂ ಹಾಯಿಸದೆ, ಘಮ ಹಿಡಿದೇ ಕೊತ್ತಂಬರಿ ಆಯಿತು, ಜೀರಿಗೆ ಆಯಿತು ಎನ್ನುತ್ತಿದ್ದಳು. ಮೈದುನನ ಹೆಂಡತಿ ಪುಡಿ ಜರಡಿ ಹಿಡಿದು ಪೊಟ್ಟಣ ಕಟ್ಟಬೇಕು, ಅಷ್ಟೇ. ಅವಳೇನಾದರೂ ಒಲೆಯ ಹತ್ತಿರ ಸುಳಿದರೆ, "ನಿನ್ನ ಕೆಲಸ ಆ ಕಡೆ" ಎಂದು ಘಮಲಕ್ಕ ಗದರಿಸಿ ಕಳಿಸುತ್ತಿದ್ದಳು. ಹೀಗಿರುವಾಗ ಈ ಚಳಿಗಾಲದ ನೆಗಡಿ, ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಗಿತ್ತು.

ಯಾರಿಗೂ ಹೇಳಿರಲಿಲ್ಲ. ಊರವರ ಹಲ್ಲುನೋವಿಗೆ ಲವಂಗ, ಕೆಮ್ಮಿಗೆ ಮೆಣಸಿನ ಕಷಾಯ, ಹೊಟ್ಟೆಯುಬ್ಬರಕ್ಕೆ ಓಮ ಕೊಡುವವಳು ತನ್ನ ಮೂಗಿನ ಮುಂದೆ ಸೋತಳೆಂದರೆ ಮರ್ಯಾದೆಯೇನು ಉಳಿಯಿತು? ಕದ್ದುಮುಚ್ಚಿ ಅರಿಶಿನದ ಹೊಗೆ ಹಿಡಿದಳು, ಹುರಿದ ಓಮವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸಿದಳು. ಕಣ್ಣಲ್ಲಿ ನೀರು ಬಂತೇ ಹೊರತು ವಾಸನೆ ಬರಲಿಲ್ಲ. ಕೊನೆಗೆ ಬಣ್ಣ ನೋಡಿ ಹುರಿಯತೊಡಗಿದಳು. ಒಲೆಯ ಮೂಲೆಯ ಮಂಕು ಬಲ್ಬಿನಡಿ ಮೆಂತ್ಯ ಕೈಕೊಟ್ಟಿತು.

"ತಪ್ಪು ನಂದು ಅಣ್ಣಾ," ಎಂದಳು ಓರಗಿತ್ತಿ, ಪೊಟ್ಟಣಗಳ ನಡುವಿನಿಂದ ಎದ್ದು ಬಂದು. "ಆವತ್ತು ಮೆಂತ್ಯ ಹುರಿದಿದ್ದು ನಾನು."

"ಅದಕ್ಕೇ ಮತ್ತೆ! ನಿಂಗ್ಯಾಕಮ್ಮಾ ಇಲ್ಲದ ಉಸಾಬರಿ? ಅಕ್ಕ ಈಗ ಹೊಸದಾಗಿ ಹುರಿದುಕೊಡ್ಲಿ, ಕಾಯ್ತೀನಿ." ಅವನು ಬೆಂಚಿನ ಮೇಲೆ ಆರಾಮಾಗಿ ಕುಳಿತುಬಿಟ್ಟ.

ಘಮಲಕ್ಕ ಒಳಗೆ ಹೋಗಿ ಒಲೆ ಹಚ್ಚಿದಳು. ಇದೂ ಕೆಟ್ಟರೆ ಬಾಣಲೆ ಕೈತಪ್ಪುವುದು ಖಂಡಿತ. ಬಾಣಲೆ ಇಲ್ಲದ ಮೇಲೆ ಈ ಅಂಗಡಿಯಲ್ಲಿ ತಾನು ಯಾರು? ಓರಗಿತ್ತಿ ಬಾಗಿಲಲ್ಲಿ ನಿಂತಿರುವುದು ಕಂಡು ಮೈಯೆಲ್ಲ ಉರಿಯಿತು.

"ಯಾಕೆ ಸುಳ್ಳು ಹೇಳಿದೆ? ನನ್ನ ಮೇಲೆ ಉಪಕಾರ ಹೊರಿಸೋಕಾ?"

"ಮೊನ್ನೆ ಇಂಗಿನ ಡಬ್ಬಿ ಮುಚ್ಚಳ ತೆಗೆದು ನಿಮ್ಮ ಬೆನ್ನ ಹಿಂದೇನೇ ಇಟ್ಟಿದ್ದೆ ಅಕ್ಕಾ. ಪಕ್ಕದ ಮನೆಯವರೂ ಬಂದು ಇದೇನು ವಾಸನೆ ಅಂತ ನನ್ನ ಕೇಳಿದ್ರು, ನೀವು ತಿರುಗಿ ನೋಡ್ಲಿಲ್ಲ."

ಘಮಲಕ್ಕ ಒಲೆಯ ಕಡೆ ತಿರುಗಿದಳು. ನಾಚಿಕೆಯಿಂದ ಮುಖ ಬಿಸಿಯಾಯಿತು. ಬಾಣಲೆ ಕಾದಿತ್ತು, ಜೀರಿಗೆ ಸುರಿದು ಸೌಟು ಆಡಿಸಿದಳು. ಕಾಳು ಚಟಪಟ ಎನ್ನತೊಡಗಿತು. ಹೊರಗೆ ಅಡುಗೆಯಣ್ಣ ಕೆಮ್ಮಿದ. ಇನ್ನು ತಡಮಾಡುವಂತಿರಲಿಲ್ಲ.

"ಈಗ?" ಎಂದಳು, ತಲೆಯೆತ್ತದೆ.

ಓರಗಿತ್ತಿ ಒಲೆಯ ಹತ್ತಿರ ಬಂದು ನಿಂತಳು. "ಇನ್ನೂ ಹಸಿ ಇದೆ."

"ಈಗ?"

"ತಾಳಿ… ಹಾಂ, ಈಗ. ಇಳಿಸಿ ಅಕ್ಕಾ, ಇಳಿಸಿ!"

ಜೀರಿಗೆ ಮೊರಕ್ಕೆ ಬಿತ್ತು. ಘಮಲಕ್ಕ ಬಗ್ಗಿ ಉಸಿರೆಳೆದುಕೊಂಡಳು. ಬಿಸಿ ಮಾತ್ರ ತಾಗಿತು.

"ಹೇಗಿದೆ, ಹೇಳೇ."

"ಹೇಗಿದೆ ಅಂದ್ರೆ…" ಓರಗಿತ್ತಿ ತಡವರಿಸಿದಳು. "ಜೀರಿಗೆ ಥರಾನೇ ಇದೆ ಅಕ್ಕಾ."

ಘಮಲಕ್ಕನಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಹಾ, ಇದಪ್ಪಾ ಅಕ್ಕನ ಕೈ ಅಂದ್ರೆ!" ಹೊರಗಿನಿಂದ ಅಡುಗೆಯಣ್ಣ ಕೂಗಿದ.

ಓರಗಿತ್ತಿ ಪೊಟ್ಟಣಗಳ ಕಡೆ ಹೊರಟಳು. ಘಮಲಕ್ಕ ಅವಳ ಮುಂಗೈ ಹಿಡಿದುಕೊಂಡಳು.

"ಮೆಂತ್ಯ ಹಾಕ್ತೀನಿ," ಎಂದಳು. "ಎಲ್ಲೂ ಹೋಗ್ಬೇಡ."